ಪೇಪರ್‌ವೆಯ್ಟ್ ಅಂದ್ರೆ ಭೂತಕಾಲ, ಇಲಿ ಅಂದ್ರೆ ಭಯ: ಇಷ್ಟೇನಾ '1984'?

ಪ್ರಶ್ನೆ: ನಾನು ಎಂ.ಎ. ಇಂಗ್ಲಿಷ್ ವಿದ್ಯಾರ್ಥಿನಿ. ಸೆಮಿನಾರ್‌ಗೆ ಜಾರ್ಜ್ ಆರ್ವೆಲ್ ಅವರ '1984' ಕಾದಂಬರಿ ತೆಗೆದುಕೊಂಡಿದ್ದೇನೆ. ಗೈಡುಗಳಲ್ಲೆಲ್ಲ ಒಂದೇ ಪಟ್ಟಿ ಇದೆ. ಗಾಜಿನ ಪೇಪರ್‌ವೆಯ್ಟ್ ಅಂದರೆ ಭೂತಕಾಲ, ಇಲಿ ಅಂದರೆ ಭಯ, ಟೆಲಿಸ್ಕ್ರೀನ್ ಅಂದರೆ ಸರ್ಕಾರದ ಕಣ್ಣು. ಇದನ್ನೇ ಬರೆದರೆ ಸಾಕಾ? ಇನ್ನೊಂದು, ನಾಯಕ ವಿನ್‌ಸ್ಟನ್ ನನಗೆ ಇಷ್ಟವೇ ಆಗಲಿಲ್ಲ. ದುರ್ಬಲ ಮನುಷ್ಯ. ಕೊನೆಗೆ ಪ್ರೀತಿಸಿದವಳನ್ನೇ ಬಿಟ್ಟುಕೊಡುತ್ತಾನೆ. ಇಂಥವನನ್ನು ಇಟ್ಟುಕೊಂಡು ಆರ್ವೆಲ್ ಏನು ಹೇಳಲು ಹೊರಟಿದ್ದರು? ಕೊನೆಯಲ್ಲಿ ಆಸೆಗೆ ಜಾಗವೇ ಇಲ್ವಾ?

ಉತ್ತರ: ಆ ಪಟ್ಟಿ ಸುಳ್ಳೇನಲ್ಲ. ಆದರೆ ಕಾದಂಬರಿ ಓದದವರೂ ಅದನ್ನು ಬರೆಯಬಹುದು. ನಿಮ್ಮ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ತುಂಬಾ ಒಳ್ಳೆಯದು. ವಿನ್‌ಸ್ಟನ್ ಯಾಕೆ ಹೀಗೆ ಎಂದು ಹಿಡಿದುಕೊಂಡು ಹೋದರೆ ಸಂಕೇತಗಳೂ ಜೊತೆಗೇ ಬಿಚ್ಚಿಕೊಳ್ಳುತ್ತವೆ.

ಕಥೆಯಲ್ಲಿ ಒಂದು ವಸ್ತುವಿಗೆ ಅರ್ಥ ಎಲ್ಲಿಂದ ಬರುತ್ತದೆ? ಅದು ಯಾರ ಕೈಯಲ್ಲಿದೆ ಮತ್ತು ಆ ಸಮಾಜ ಅವರಿಂದ ಏನನ್ನು ಕಿತ್ತುಕೊಂಡಿದೆ ಎಂಬುದರಿಂದ. '1984'ರ ಸಮಾಜ ಕಿತ್ತುಕೊಂಡದ್ದು ಬಹಳ ಇದೆ. ಅದರಲ್ಲಿ ಎಲ್ಲಕ್ಕಿಂತ ಆಳವಾದದ್ದು ತಾಯಿ ಮಗುವಿನ ನಂಟು ಅಂತ ನನಗೆ ಅನಿಸುತ್ತದೆ. ಗೈಡಿನ ಪಟ್ಟಿಯಲ್ಲಿ ಇಲ್ಲದ ಒಂದು ಸಂಕೇತ ಇಡೀ ಪುಸ್ತಕವನ್ನು ಹೊತ್ತು ನಿಂತಿದೆ. ಅದು ಮಗುವನ್ನು ಬಳಸಿ ಹಿಡಿದ ಹೆಣ್ಣಿನ ತೋಳು. ಪೇಪರ್‌ವೆಯ್ಟ್, ಚಾಕೊಲೇಟ್, ಇಲಿ ಎಲ್ಲವೂ ಸುತ್ತಿ ಬಂದು ಆ ತೋಳನ್ನೇ ಮುಟ್ಟುತ್ತವೆ.

ಪೇಪರ್‌ವೆಯ್ಟ್‌ನಿಂದಲೇ ಶುರುಮಾಡೋಣ. ವಿನ್‌ಸ್ಟನ್‌ಗೆ 39 ವರ್ಷ, ಕಾಲಲ್ಲಿ ವಾಸಿಯಾಗದ ಹುಣ್ಣು. ಬಡಜನರ ಕೇರಿಯಲ್ಲಿ ಚಾರಿಂಗ್ಟನ್ ಎಂಬ ಮುದುಕನ ಹಳೇ ಸಾಮಾನಿನ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಒಂದು ಗಾಜಿನ ಗಟ್ಟಿ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ. ಒಳಗೆ ಗುಲಾಬಿ ಬಣ್ಣದ ಹವಳದ ಚೂರು. ಇದು ಹಿಂದೂ ಮಹಾಸಾಗರದಿಂದ ಬಂದಿರಬೇಕು, ನೂರು ವರ್ಷಕ್ಕೂ ಹಳೆಯದು ಅನ್ನುತ್ತಾನೆ ಅಂಗಡಿಯವನು. ನಾಲ್ಕು ಡಾಲರ್ ಕೊಟ್ಟು ವಿನ್‌ಸ್ಟನ್ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಅದರ ಚೆಂದಕ್ಕಿಂತ ಅವನಿಗೆ ಹಿಡಿಸಿದ್ದು ಅದು ಬೇರೆ ಕಾಲಕ್ಕೆ ಸೇರಿದ್ದು ಎಂಬ ಭಾವ. ಜೊತೆಗೆ ಅದು ಯಾವ ಕೆಲಸಕ್ಕೂ ಬಾರದ ವಸ್ತು ಎಂಬುದು.

ಇಲ್ಲಿ ಅವನ ಕೆಲಸ ನೆನಪಿಸಿಕೊಳ್ಳಿ. ಸತ್ಯ ಸಚಿವಾಲಯದಲ್ಲಿ ಹಳೇ ಪತ್ರಿಕೆಗಳನ್ನು ತಿದ್ದುವುದು ಅವನ ನೌಕರಿ. ದೇಶವನ್ನು ಆಳುವ ಪಾರ್ಟಿ ಇವತ್ತು ಏನು ಹೇಳುತ್ತದೋ ಅದಕ್ಕೆ ಹೊಂದುವಂತೆ ನಿನ್ನೆಯ ಸುದ್ದಿಯನ್ನು ಬದಲಾಯಿಸಬೇಕು. ಹಳೇ ಕಾಗದ ಗೋಡೆಯ ಕಂಡಿಯಿಂದ ನೇರ ಬೆಂಕಿಗೆ ಹೋಗುತ್ತದೆ. ದಿನವಿಡೀ ಭೂತಕಾಲವನ್ನು ಅಳಿಸುವವನಿಗೆ ಅಳಿಸಲಾಗದ ಒಂದು ತುಂಡು ಬೇಕಾಗಿದೆ. ನಾವು ಮರೆಯುವ ಇನ್ನೊಂದು ವಿಷಯವೂ ಇದೆ. ಈ ಕೆಲಸ ಅವನಿಗೆ ಇಷ್ಟ. ಬದುಕಿನಲ್ಲಿ ಅವನಿಗೆ ಜಾಸ್ತಿ ಖುಷಿ ಕೊಡುವುದು ಅದೇ ಎಂದು ಆರ್ವೆಲ್ ನೇರವಾಗಿ ಬರೆಯುತ್ತಾರೆ. ಹುಟ್ಟಿಯೇ ಇರದ ಕಾಮ್ರೇಡ್ ಓಗಿಲ್ವಿ ಎಂಬ ವೀರನನ್ನು ಅವನು ಒಂದೇ ಬೈಠಕ್ಕಿನಲ್ಲಿ ಸೃಷ್ಟಿಸುತ್ತಾನೆ, ಹುಮ್ಮಸ್ಸಿನಿಂದಲೇ. ಅಂದರೆ ನಾಯಕ ಈ ಯಂತ್ರದ ಹೊರಗೆ ನಿಂತವನಲ್ಲ. ಅದರೊಳಗೆ ಚೆನ್ನಾಗಿ ಕೆಲಸ ಮಾಡುತ್ತಿರುವ ಭಾಗ. ನಿಮಗೆ ಅವನು ಇಷ್ಟವಾಗದಿರಲು ಇದೂ ಒಂದು ಕಾರಣ ಇರಬಹುದು. ಆರ್ವೆಲ್ ಬೇಕೆಂದೇ ಹಾಗೆ ಮಾಡಿದ್ದಾರೆ.

ಆಮೇಲೆ ಅದೇ ಅಂಗಡಿಯ ಮೇಲಿನ ಕೋಣೆಯಲ್ಲಿ ವಿನ್‌ಸ್ಟನ್ ಮತ್ತು ಅವನು ಪ್ರೀತಿಸುವ ಜೂಲಿಯಾ ಗುಟ್ಟಾಗಿ ಸೇರುತ್ತಾರೆ. ಗಾಜು ತಾವಿರುವ ಕೋಣೆ, ಒಳಗಿನ ಹವಳ ತಮ್ಮಿಬ್ಬರ ಬದುಕು ಎಂದು ಅವನಿಗೆ ತೋರುತ್ತದೆ. ಪೊಲೀಸರು ನುಗ್ಗಿದಾಗ ಒಬ್ಬ ಅದನ್ನೆತ್ತಿ ಒಲೆಕಲ್ಲಿನ ಮೇಲೆ ಒಡೆಯುತ್ತಾನೆ. ಹವಳ ಉರುಳಿ ಚಾಪೆಯ ಮೇಲೆ ಬೀಳುತ್ತದೆ. ಇದು ಯಾವಾಗಲೂ ಇಷ್ಟೇ ಚಿಕ್ಕದಿತ್ತು ಅಂತ ವಿನ್‌ಸ್ಟನ್‌ಗೆ ಆಗ ಗೊತ್ತಾಗುತ್ತದೆ. ಆ ಹೊತ್ತಿಗೆ ಚಾರಿಂಗ್ಟನ್ ಒಳಗೆ ಬರುತ್ತಾನೆ. ಈಗ ಅವನು ಮುದುಕನೇ ಅಲ್ಲ. ಜನರ ಯೋಚನೆಯನ್ನೇ ಅಪರಾಧವೆಂದು ಹಿಡಿಯುವ ಥಾಟ್ ಪೊಲೀಸ್ ಅಧಿಕಾರಿ.

ಅಂದರೆ ಆ 'ಭೂತಕಾಲ'ವನ್ನು ವಿನ್‌ಸ್ಟನ್‌ಗೆ ಮಾರಿದ್ದು ಭೂತಕಾಲವನ್ನು ಅಳಿಸುವವರೇ. ಅವನು ಗುಟ್ಟಾಗಿ ಬರೆಯುವ ಡೈರಿ ಕೊಂಡದ್ದೂ ಅದೇ ಅಂಗಡಿಯಲ್ಲಿ. ಜನರನ್ನು ಸದಾ ನೋಡುವ, ಕೇಳಿಸಿಕೊಳ್ಳುವ ಪರದೆ ಟೆಲಿಸ್ಕ್ರೀನ್ ಇದ್ದದ್ದು ಅದೇ ಕೋಣೆಯ ಹಳೇ ಚಿತ್ರದ ಹಿಂದೆ. ಪೇಪರ್‌ವೆಯ್ಟ್ ಭೂತಕಾಲದ ಸಂಕೇತ ಎಂಬುದು ವಿನ್‌ಸ್ಟನ್‌ನ ನಂಬಿಕೆ. ಕಾದಂಬರಿ ಆ ನಂಬಿಕೆಯನ್ನು ನಮ್ಮ ಕಣ್ಣ ಮುಂದೆಯೇ ಮುರಿಯುತ್ತದೆ. ಪಾತ್ರ ಒಂದು ವಸ್ತುವಿಗೆ ಕೊಡುವ ಅರ್ಥ ಬೇರೆ, ಪುಸ್ತಕ ಕೊಡುವ ಅರ್ಥ ಬೇರೆ. ಗೈಡುಗಳು ಪಾತ್ರದ ಅರ್ಥವನ್ನೇ ಬರೆದು ಕೈ ತೊಳೆದುಕೊಳ್ಳುತ್ತವೆ. ಸೆಮಿನಾರಿನಲ್ಲಿ ನೀವು ಈ ವ್ಯತ್ಯಾಸವನ್ನು ಹೇಳಲೇಬೇಕು.

ಈಗ ತೋಳಿಗೆ ಬರೋಣ. ಮೊದಲ ಅಧ್ಯಾಯಕ್ಕೇ ಹೋಗಿ. 1984ರ ಏಪ್ರಿಲ್ 4 ಎಂದು ತಾರೀಖು ಹಾಕಿ ವಿನ್‌ಸ್ಟನ್ ಡೈರಿ ಶುರುಮಾಡುತ್ತಾನೆ. ಸಿಕ್ಕಿಬಿದ್ದರೆ ಸಾವು, ಇಲ್ಲವೇ 25 ವರ್ಷ ಜೀತದ ಶಿಬಿರ. ಅಷ್ಟೊಂದು ಅಪಾಯ ಮೈಮೇಲೆ ಎಳೆದುಕೊಂಡು ಅವನು ಬರೆಯುವುದು ಏನನ್ನು? ಹಿಂದಿನ ರಾತ್ರಿ ನೋಡಿದ ಸಿನಿಮಾ. ಮೆಡಿಟರೇನಿಯನ್ ಸಮುದ್ರದಲ್ಲಿ ನಿರಾಶ್ರಿತರು ತುಂಬಿದ ದೋಣಿ, ಮೇಲೆ ಹೆಲಿಕಾಪ್ಟರ್. ಒಬ್ಬ ಯೆಹೂದಿ ಹೆಂಗಸು ಮೂರು ವರ್ಷದ ಹುಡುಗನನ್ನು ಅಪ್ಪಿಕೊಂಡಿದ್ದಾಳೆ. ತನ್ನ ತೋಳುಗಳೇ ಗುಂಡನ್ನು ತಡೆಯುತ್ತವೆ ಎಂಬಂತೆ ಅವನನ್ನು ಮುಚ್ಚುತ್ತಾಳೆ. ಬಾಂಬ್ ಬೀಳುತ್ತದೆ. ಮಗುವಿನ ತೋಳು ಗಾಳಿಯಲ್ಲಿ ಮೇಲಕ್ಕೆ ಹಾರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ವಿನ್‌ಸ್ಟನ್ ಕೂಡ ಅದನ್ನು ಅದ್ಭುತ ದೃಶ್ಯ ಎಂದೇ ಬರೆಯುತ್ತಾನೆ. ಇಡೀ ಥಿಯೇಟರಿನಲ್ಲಿ ಎದ್ದು ಕೂಗಾಡಿದ್ದು ಒಬ್ಬಳೇ ಒಬ್ಬಳು ಬಡವಿ. ಮಕ್ಕಳ ಮುಂದೆ ಇಂಥದ್ದು ತೋರಿಸಬಾರದು ಅಂತ. ಪೊಲೀಸರು ಅವಳನ್ನು ಹೊರಗೆ ಹಾಕುತ್ತಾರೆ.

ಇದನ್ನು ಯಾಕೆ ಬರೆದೆ ಅಂತ ಅವನಿಗೇ ಗೊತ್ತಿಲ್ಲ. ಕಾದಂಬರಿಯ ಅರ್ಧ ದಾರಿ ಮುಗಿದ ಮೇಲೆ ಗೊತ್ತಾಗುತ್ತದೆ. ಗೊತ್ತುಮಾಡಿಸುವುದು ಚಾಕೊಲೇಟ್.

ಚಾಕೊಲೇಟ್ ಬಗ್ಗೆ ಸ್ವಲ್ಪ ಹೊರಗಿನ ಹಿನ್ನೆಲೆ ಬೇಕು. ಪುಸ್ತಕ ಬಂದದ್ದು 1949ರ ಜೂನ್‌ನಲ್ಲಿ. ಬ್ರಿಟನ್ನಿನಲ್ಲಿ ಮಿಠಾಯಿ, ಚಾಕೊಲೇಟ್‌ಗೆ ರೇಷನ್ ಬಂದದ್ದು 1942ರಲ್ಲಿ, ಪೂರ್ತಿ ಹೋದದ್ದು 1953ರಲ್ಲಿ. ಯುದ್ಧದ ಕಾಲದಲ್ಲೂ ರೇಷನ್ ಇಲ್ಲದಿದ್ದ ಬ್ರೆಡ್ಡಿಗೆ ಯುದ್ಧ ಮುಗಿದ ಮೇಲೆ, 1946ರಿಂದ 1948ರವರೆಗೆ, ರೇಷನ್ ಇತ್ತು. ಆರ್ವೆಲ್ ಅವರ ಹೆಂಡತಿ ಐಲೀನ್ ಯುದ್ಧದ ದಿನಗಳಲ್ಲಿ ಮೊದಲು ಸೆನ್ಸಾರ್ ವಿಭಾಗದಲ್ಲಿ, ಆಮೇಲೆ ಆಹಾರ ಸಚಿವಾಲಯದಲ್ಲಿ ಕೆಲಸ ಮಾಡಿದ್ದರು. ಹಾಗಾಗಿ ಕಥೆಯಲ್ಲಿ ಚಾಕೊಲೇಟ್ ರೇಷನ್ 30 ಗ್ರಾಂನಿಂದ 20 ಗ್ರಾಂಗೆ ಇಳಿದಾಗ ಅಂದಿನ ಓದುಗರಿಗೆ ಅದು ದೂರದ ಕಲ್ಪನೆ ಅನಿಸಿರಲಾರದು. ಭಯ ಹುಟ್ಟಿಸುವುದು ಮುಂದಿನ ಹೆಜ್ಜೆ. ಮಾರನೇ ದಿನವೇ ರೇಷನ್ನನ್ನು 20 ಗ್ರಾಂಗೆ 'ಏರಿಸಿದ್ದಕ್ಕೆ' ಪಾರ್ಟಿಯ ನಾಯಕ ಬಿಗ್ ಬ್ರದರ್‌ಗೆ ಜನ ಥ್ಯಾಂಕ್ಸ್ ಹೇಳಿ ಮೆರವಣಿಗೆ ಮಾಡಿದರಂತೆ ಎಂದು ಟೆಲಿಸ್ಕ್ರೀನ್ ಹೇಳುತ್ತದೆ. ಸುತ್ತಲಿನವರು ಅದನ್ನು ನುಂಗಿಕೊಳ್ಳುತ್ತಾರೆ. ರೇಷನ್ ಇಳಿಸುವುದಿಲ್ಲ ಎಂಬ ಹಳೇ ಭರವಸೆಯನ್ನು ಪತ್ರಿಕೆಯಲ್ಲಿ ತಿದ್ದಿದ್ದು ಸ್ವತಃ ವಿನ್‌ಸ್ಟನ್.

ಊರಾಚೆಯ ಕಾಡಿನಲ್ಲಿ ಮೊದಲ ಸಲ ಸೇರಿದಾಗ ಜೂಲಿಯಾ ಜೇಬಿನಿಂದ ಒಂದು ಚಾಕೊಲೇಟ್ ತೆಗೆದು ಮುರಿದು ಅರ್ಧ ಕೊಡುತ್ತಾಳೆ. ಬ್ಲ್ಯಾಕ್ ಮಾರ್ಕೆಟಿನ ಅಸಲಿ ಮಾಲು. ಆ ವಾಸನೆ ಅವನೊಳಗೆ ಏನನ್ನೋ ಕಲಕುತ್ತದೆ. ಏನದು ಅಂತ ಹೊಳೆಯುವುದಿಲ್ಲ. ಎರಡನೇ ಭಾಗದ ಏಳನೇ ಅಧ್ಯಾಯದಲ್ಲಿ ಕನಸು ಕಂಡು ಅಳುತ್ತಾ ಎದ್ದಾಗ ನೆನಪು ಬರುತ್ತದೆ. ಅವನಿಗೆ ಹತ್ತೋ ಹನ್ನೆರಡೋ ವರ್ಷ. ಅಪ್ಪ ಕಾಣೆಯಾಗಿದ್ದಾನೆ. ಮನೆಯಲ್ಲಿ ಹಸಿವು. ಮೂರು ಜನಕ್ಕೆ ಎರಡು ಔನ್ಸ್ ಚಾಕೊಲೇಟ್ ಬಂದಿದೆ. ಎಲ್ಲ ನನಗೇ ಬೇಕು ಎಂದು ಹಟ ಹಿಡಿಯುತ್ತಾನೆ. ತಾಯಿ ಮುಕ್ಕಾಲು ಭಾಗ ಅವನಿಗೆ, ಕಾಲು ಭಾಗ ಸೊರಗಿ ಹೋದ ಪುಟ್ಟ ತಂಗಿಗೆ ಕೊಡುತ್ತಾಳೆ. ಅವನು ತಂಗಿಯ ಕೈಯಿಂದ ಅದನ್ನೂ ಕಸಿದುಕೊಂಡು ಓಡುತ್ತಾನೆ. ಬಾಗಿಲಲ್ಲಿ ತಿರುಗಿ ನೋಡಿದಾಗ ತಾಯಿ ಮಗುವನ್ನು ತೋಳಿನಿಂದ ಬಳಸಿ ಎದೆಗೆ ಒತ್ತಿಕೊಂಡಿದ್ದಾಳೆ. ಹಸಿವು ಸಹಿಸಲಾಗದೆ ಮನೆಗೆ ವಾಪಸ್ ಬಂದಾಗ ಇಬ್ಬರೂ ಇಲ್ಲ. ಮತ್ತೆಂದೂ ಸಿಗಲಿಲ್ಲ.

ಈ ಕನಸು ನಡೆಯುವುದು ಎಲ್ಲಿ ಗೊತ್ತಾ? ಆ ಗಾಜಿನ ಪೇಪರ್‌ವೆಯ್ಟ್ ಒಳಗೆ. ಗಾಜು ಆಕಾಶವಾಗಿದೆ, ಒಳಗೆಲ್ಲ ಬೆಳಕು. ಇಡೀ ಕನಸು ತಾಯಿಯ ಆ ಒಂದು ತೋಳಿನ ಚಲನೆಯಲ್ಲೇ ಅಡಗಿತ್ತು, ಸಿನಿಮಾದ ಹೆಂಗಸು ಮೂವತ್ತು ವರ್ಷದ ಮೇಲೆ ಮಾಡಿದ್ದೂ ಅದನ್ನೇ ಎಂದು ಆರ್ವೆಲ್ ಬಿಡಿಸಿ ಹೇಳುತ್ತಾರೆ. ಅಷ್ಟು ಸ್ಪಷ್ಟವಾಗಿ ಬರೆದಿದ್ದರೂ ಗೈಡುಗಳು ಇದನ್ನು ದಾಟಿಕೊಂಡು ಹೋಗುವುದು ನನಗೆ ಬೇಸರದ ವಿಷಯ.

ವಿನ್‌ಸ್ಟನ್ ಇಲ್ಲಿ ಒಂದು ಮಾತು ಕಂಡುಕೊಳ್ಳುತ್ತಾನೆ. ತಾಯಿ ಅಪ್ಪಿಕೊಂಡದ್ದರಿಂದ ಚಾಕೊಲೇಟ್ ವಾಪಸ್ ಬರಲಿಲ್ಲ. ಮಗುವಿನ ಸಾವು ತಪ್ಪಲಿಲ್ಲ. ಆದರೂ ಅಪ್ಪಿಕೊಂಡಳು. ಕೊಡಲು ಏನೂ ಇಲ್ಲದಾಗಲೂ ಪ್ರೀತಿ ಕೊಡುವುದು ಅವಳಿಗೆ ಸಹಜವಾಗಿತ್ತು. ಪಾರ್ಟಿ ಮಾಡಿದ ಘೋರ ಕೆಲಸವೆಂದರೆ ಇಂಥದ್ದಕ್ಕೆ ಬೆಲೆಯೇ ಇಲ್ಲ ಎಂದು ಜನರನ್ನು ನಂಬಿಸಿದ್ದು. ಪೇಪರ್‌ವೆಯ್ಟ್ ಅವನಿಗೆ ಹಿಡಿಸಿದ್ದೂ ಅದು ಕೆಲಸಕ್ಕೆ ಬಾರದ್ದೆಂದು, ಅಲ್ವಾ? ಗಾಜಿನಲ್ಲಿ ಅವನು ಹುಡುಕುತ್ತಿದ್ದದ್ದು ಆ ತೋಳನ್ನೇ. ಅದು ಅವನಿಗೆ ಗೊತ್ತಿರಲಿಲ್ಲ.

ಇಲಿಗಳನ್ನು ಈಗ ನೋಡಿ. ಅಂಗಡಿಯ ಕೋಣೆಯಲ್ಲಿ ಇಲಿ ಇಣುಕಿದಾಗ ಜೂಲಿಯಾ ಸುಮ್ನೆ ಒಂದು ಮಾತು ಆಡುತ್ತಾಳೆ. ಲಂಡನ್ನಿನ ಕೆಲವು ಬೀದಿಗಳಲ್ಲಿ ಇಲಿಗಳು ಮಕ್ಕಳ ಮೇಲೆ ಬೀಳುತ್ತವೆ, ತಾಯಂದಿರು ಕೂಸನ್ನು ಎರಡು ನಿಮಿಷ ಒಂಟಿಯಾಗಿ ಬಿಡಲ್ಲ ಅಂತ. ಕೊನೆಯಲ್ಲಿ ಚಿತ್ರಹಿಂಸೆಯ 101ನೇ ಕೋಣೆಯಲ್ಲಿ ಪಾರ್ಟಿಯ ಅಧಿಕಾರಿ ಓಬ್ರಿಯನ್ ಇಲಿಗಳ ಪಂಜರ ತಂದಿಟ್ಟು ಬಹುಮಟ್ಟಿಗೆ ಅದೇ ಮಾತನ್ನು ಹೇಳುತ್ತಾನೆ. ಎರಡು ಸಲವೂ ಇಲಿಯ ಪಕ್ಕದಲ್ಲಿ ತಾಯಿ ಇಲ್ಲದ ಕೂಸು ಇದೆ. 'ಇಲಿ ಅಂದರೆ ಭಯ' ಎಂದು ಬರೆದು ಮುಗಿಸಿದರೆ ಇದೆಲ್ಲ ಕಳೆದುಹೋಗುತ್ತದೆ. ಈ ಪುಸ್ತಕದಲ್ಲಿ ಇಲಿ ಎಂದರೆ ತೋಳು ಸರಿದಾಗ ಮಗುವಿನ ಹತ್ತಿರ ಬರುವಂಥದ್ದು.

ಆ ಕೋಣೆಯಲ್ಲಿ ವಿನ್‌ಸ್ಟನ್ ಏನು ಮಾಡುತ್ತಾನೆ? ತನಗೂ ಇಲಿಗಳಿಗೂ ನಡುವೆ ಇನ್ನೊಬ್ಬರ ದೇಹವನ್ನು ತಳ್ಳಬೇಕು ಎಂದು ಅವನಿಗೆ ಹೊಳೆಯುತ್ತದೆ. ನನಗೆ ಬೇಡ, ಜೂಲಿಯಾಗೆ ಮಾಡಿ ಎಂದು ಕಿರುಚುತ್ತಾನೆ. ಇದನ್ನು ದೋಣಿಯ ಹೆಂಗಸಿನ ಪಕ್ಕದಲ್ಲಿಟ್ಟು ಓದಿ. ಅವಳು ಗುಂಡಿಗೂ ಮಗುವಿಗೂ ನಡುವೆ ತನ್ನ ಮೈಯನ್ನೇ ಇಟ್ಟಳು. ಇವನು ತನಗೂ ಹಲ್ಲುಗಳಿಗೂ ನಡುವೆ ಬೇರೆಯವಳ ಮೈ ಇಡುತ್ತಾನೆ. ತಂಗಿಯ ಚಾಕೊಲೇಟ್ ಕಸಿದ ಹುಡುಗನಲ್ಲಿಗೇ ಪಾರ್ಟಿ ಅವನನ್ನು ಮತ್ತೆ ಎಳೆದು ತಂದಿದೆ. ದೋಣಿಯ ದೃಶ್ಯ ಪುಸ್ತಕದ ಮೊದಲ ಪುಟಗಳಲ್ಲಿ ಇರುವುದು ಇದಕ್ಕಾಗಿಯೇ ಎಂದು ನಾನು ಓದುತ್ತೇನೆ.

ಹಾಗಂತ ವಿನ್‌ಸ್ಟನ್ 101ನೇ ಕೋಣೆಯಲ್ಲೇ ಮೊದಲ ಸಲ ಬಿದ್ದ ಎಂದುಕೊಳ್ಳಬೇಡಿ. ಓಬ್ರಿಯನ್ ತನ್ನನ್ನು ಕ್ರಾಂತಿಕಾರಿ ಎಂದು ತೋರಿಸಿಕೊಂಡು ಪ್ರಮಾಣ ಮಾಡಿಸುವ ಅಧ್ಯಾಯ ನೆನಪಿದೆಯಾ? ಸಂಘಟನೆಗೋಸ್ಕರ ಕೊಲೆ ಮಾಡುತ್ತೀರಾ, ನೂರಾರು ಅಮಾಯಕರ ಸಾವಿಗೆ ಕಾರಣವಾಗುತ್ತೀರಾ, ಒಂದು ಮಗುವಿನ ಮುಖಕ್ಕೆ ಆ್ಯಸಿಡ್ ಎರಚುತ್ತೀರಾ ಎಂದು ಕೇಳುತ್ತಾನೆ. ಎಲ್ಲಕ್ಕೂ ಹೌದು ಅನ್ನುತ್ತಾನೆ ವಿನ್‌ಸ್ಟನ್. ಜೂಲಿಯಾಳನ್ನು ಬಿಟ್ಟಿರುತ್ತೀಯಾ ಎಂಬುದಕ್ಕೆ ಮಾತ್ರ ಇಲ್ಲ ಅನ್ನುತ್ತಾನೆ. ತಾಯಿಯ ತೋಳು ನೆನಪಾಗಿ ಅತ್ತ ಅಧ್ಯಾಯದ ಮರು ಅಧ್ಯಾಯವೇ ಇದು! ಮಗುವಿನ ಮುಖವನ್ನು ಮುಚ್ಚಿದ ತಾಯಿ ಅಲ್ಲಿ, ಮಗುವಿನ ಮುಖಕ್ಕೆ ಆ್ಯಸಿಡ್ ಎರಚಲು ಒಪ್ಪಿದ ಮಗ ಇಲ್ಲಿ. ಮುಂದೆ ಜೈಲಿನಲ್ಲಿ, ನಿಮಗಿಂತ ನಾನು ಮೇಲು ಎಂದು ವಿನ್‌ಸ್ಟನ್ ಭಾವಿಸಿದಾಗ, ಓಬ್ರಿಯನ್ ಆ ಮಾತುಗಳ ರೆಕಾರ್ಡಿಂಗ್ ಹಾಕಿ ಕೇಳಿಸುತ್ತಾನೆ. ವಿನ್‌ಸ್ಟನ್‌ಗೆ ಉತ್ತರ ಇಲ್ಲ.

ಆದ್ದರಿಂದ ದುರ್ಬಲ ಎಂಬ ನಿಮ್ಮ ಮಾತು ಸರಿ, ಆದರೆ ಸಾಲದು. ಹೊಡೆತಕ್ಕೆ ಮುರಿಯುವುದು ಯಾರ ತಪ್ಪೂ ಅಲ್ಲ. ತಿಂಗಳುಗಟ್ಟಲೆ ಹಿಂಸೆ ಕೊಟ್ಟರೂ ಅವನು ಒಳಗೊಳಗೆ ಜೂಲಿಯಾಳನ್ನು ಬಿಟ್ಟುಕೊಟ್ಟಿರಲಿಲ್ಲ. ಅದನ್ನು ಓಬ್ರಿಯನ್ನೇ ಒಪ್ಪುತ್ತಾನೆ. ಆ ಮಟ್ಟಿಗೆ ಅವನು ಗಟ್ಟಿ ಮನುಷ್ಯ. ಆರ್ವೆಲ್‌ರ ಚಿಂತೆ ಬೇರೆ ಕಡೆ ಇದೆ. ಪಾರ್ಟಿಯನ್ನು ದ್ವೇಷಿಸುವವನೂ ಪಾರ್ಟಿಯ ಹಾಗೆಯೇ ಯೋಚಿಸಲು ಕಲಿತಿರುತ್ತಾನೆ. ಗುರಿ ದೊಡ್ಡದಾದರೆ ಮಗುವಿನ ಮುಖ ಲೆಕ್ಕಕ್ಕಿಲ್ಲ ಎಂದು ಅವನಿಗೂ ಅನಿಸಿಬಿಡುತ್ತದೆ. ಡಿಸ್ಟೋಪಿಯಾ ಕಥೆಗಳಲ್ಲಿ, ಅಂದರೆ ಕೆಟ್ಟುಹೋದ ಸಮಾಜವನ್ನು ಕಲ್ಪಿಸುವ ಕಥೆಗಳಲ್ಲಿ, ಸಮಾಜ ಹೊರಗಡೆ ಗೋಡೆಯ ಹಾಗೆ ನಿಂತಿರುವುದು ಕಡಿಮೆ. ಪಾತ್ರದ ಒಳಗೇ ಅದು ಕೂತಿರುತ್ತದೆ. ನಾಯಕ ಶುದ್ಧನಾಗಿದ್ದರೆ ಇದನ್ನು ತೋರಿಸಲು ಆಗುತ್ತಿರಲಿಲ್ಲ.

ಸಮಾಜದ ಕಡೆಯಿಂದಲೂ ಇದೇ ಎಳೆ ಕಾಣುತ್ತದೆ. ಆ ಲಂಡನ್ನಿನಲ್ಲಿ ಮಕ್ಕಳಿಗೆ ಬೇಹುಗಾರಿಕೆ ಕಲಿಸುತ್ತಾರೆ. ಪಕ್ಕದ ಮನೆಯ ಪಾರ್ಸನ್ಸ್ ನಿದ್ದೆಯಲ್ಲಿ ಬಿಗ್ ಬ್ರದರ್ ವಿರುದ್ಧ ಗೊಣಗುತ್ತಾನೆ. ಅದನ್ನು ಕೀಲಿರಂಧ್ರದಿಂದ ಕೇಳಿ ಪೊಲೀಸರಿಗೆ ಹೇಳುವವಳು ಅವನ ಏಳು ವರ್ಷದ ಮಗಳು. ಮಗಳನ್ನು ಸರಿಯಾಗಿ ಬೆಳೆಸಿದ್ದೇನೆ ಎಂದು ಅವನು ಜೈಲಲ್ಲಿ ಹೆಮ್ಮೆಪಡುತ್ತಾನೆ! ಇನ್ನೊಂದು ಕಡೆ, ಅಂಗಡಿಯ ಹಿತ್ತಲಲ್ಲಿ ದಪ್ಪ ಕೆಂಪು ತೋಳುಗಳ ಒಬ್ಬ ಬಡ ಹೆಂಗಸು ದಿನವೂ ಮಕ್ಕಳ ಬಟ್ಟೆ ಒಣಹಾಕುತ್ತಾ ಹಾಡುತ್ತಿರುತ್ತಾಳೆ. ಮತ್ತೆ ತೋಳು, ಮತ್ತೆ ಮಗು. ಅವಳನ್ನು ನೋಡುತ್ತಾ, ಈಕೆ ಸುಂದರಿ ಎಂದು ವಿನ್‌ಸ್ಟನ್‌ಗೆ ಅನಿಸಿದ ಕೆಲವೇ ಕ್ಷಣಕ್ಕೆ ಪೊಲೀಸರು ಬರುತ್ತಾರೆ, ಗಾಜು ಒಡೆಯುತ್ತದೆ.

ಕಾದಂಬರಿಯ ಕೊನೆಯ ಪ್ಯಾರಾದಲ್ಲಿ ವಿನ್‌ಸ್ಟನ್ ಒಂದು ಕೆಫೆಯಲ್ಲಿ ಕೂತು ಬಿಗ್ ಬ್ರದರ್‌ನ ಚಿತ್ರ ನೋಡುತ್ತಾ, ಇಷ್ಟು ದಿನ ಆ ಪ್ರೀತಿಯ ಎದೆಯಿಂದ ಹಟಮಾಡಿ ದೂರ ಇದ್ದೆನಲ್ಲ ಎಂದುಕೊಳ್ಳುತ್ತಾನೆ. ಎದೆ ಎಂಬ ಜಾಗ ಯಾರದಿತ್ತು, ಈಗ ಯಾರು ಬಂದು ಕೂತರು ನೋಡಿ. ಅದಕ್ಕೆ ಸ್ವಲ್ಪ ಮೊದಲು ಅದೇ ಕೆಫೆಯಲ್ಲಿ ಅವನಿಗೆ ಒಂದು ನೆನಪು ಬಂದಿರುತ್ತದೆ. ತಾಯಿ ಮೋಂಬತ್ತಿ ಬೆಳಕಿನಲ್ಲಿ ಅವನ ಜೊತೆ ಹಾವು ಏಣಿ ಆಡಿದ ಮಧ್ಯಾಹ್ನ. ನಮ್ಮ ಪರಮಪದ ಸೋಪಾನದಂಥ ಆಟಗಳೇ ಇಂಗ್ಲೆಂಡಿಗೆ ಹೋಗಿ ಆ ರೂಪ ಪಡೆದದ್ದು. ಎಂಟು ಆಟ ಆಡಿದರು, ತಲಾ ನಾಲ್ಕು ಗೆದ್ದರು. ಪುಟ್ಟ ತಂಗಿಗೆ ಏನೂ ಅರ್ಥವಾಗದಿದ್ದರೂ ಅವರು ನಗುತ್ತಿದ್ದಾರೆಂದು ಅವಳೂ ನಗುತ್ತಿದ್ದಳು. ವಿನ್‌ಸ್ಟನ್ ಅದನ್ನು ಸುಳ್ಳು ನೆನಪು ಎಂದು ತಳ್ಳಿಹಾಕುತ್ತಾನೆ. ನನ್ನ ಪಾಲಿಗೆ ಪುಸ್ತಕದಲ್ಲಿ ಎಲ್ಲಕ್ಕಿಂತ ಕ್ರೂರವಾದ ಜಾಗ ಇದು, 101ನೇ ಕೋಣೆಗಿಂತ.

ಇಷ್ಟೆಲ್ಲ ಲೇಖಕರ ಮನಸ್ಸಿನಲ್ಲಿತ್ತಾ ಎಂದು ಸೆಮಿನಾರಿನಲ್ಲಿ ಯಾರಾದರೂ ಕೇಳಬಹುದು. ಸಣ್ಣ ತಿನಿಸಿನ ಮೇಲೆ ದೊಡ್ಡ ಭಾರ ಹೊರಿಸುವ ಅಭ್ಯಾಸ ಆರ್ವೆಲ್‌ಗೆ ಇತ್ತು. 1945ರ 'ಅನಿಮಲ್ ಫಾರ್ಮ್'ನಲ್ಲಿ ಹಂದಿಗಳು ಹಾಲನ್ನೂ ಸೇಬನ್ನೂ ತಮಗೇ ಇಟ್ಟುಕೊಳ್ಳುವುದೇ ಕಥೆಯ ತಿರುವು ಎಂದು ಅವರು ಒಂದು ಪತ್ರದಲ್ಲಿ ಬರೆದಿದ್ದಾರೆ. '1984' ಬರೆಯುವಾಗ ಅವರು ಸ್ಕಾಟ್ಲೆಂಡಿನ ಜೂರಾ ದ್ವೀಪದಲ್ಲಿದ್ದರು. ಐಲೀನ್ 1945ರಲ್ಲಿ ತೀರಿಕೊಂಡಿದ್ದರು. ದತ್ತು ತೆಗೆದುಕೊಂಡ ಪುಟ್ಟ ಮಗ ರಿಚರ್ಡ್ ಮನೆಯಲ್ಲಿದ್ದ. ತಮಗಿದ್ದ ಕ್ಷಯ ತಗಲೀತು ಎಂಬ ಭಯದಿಂದ ಮಗುವನ್ನು ಹತ್ತಿರ ಬಿಟ್ಟುಕೊಳ್ಳಲು ಅವರು ಅಂಜುತ್ತಿದ್ದರು. 1950ರ ಜನವರಿಯಲ್ಲಿ, 46ನೇ ವಯಸ್ಸಿಗೆ, ಅವರೂ ಹೋದರು. ಇದರಿಂದಲೇ ಆ ತೋಳು ಬಂತು ಎಂದು ನಾನು ಹೇಳಲಾರೆ, ನೀವೂ ಹಾಗೆ ಬರೆಯಬೇಡಿ. ಪುಸ್ತಕದ ಒಳಗಿನ ಸಾಕ್ಷಿಯೇ ಸಾಕಷ್ಟಿದೆ.

ಹೋಲಿಕೆಗೆ ಇನ್ನೊಂದು ಪುಸ್ತಕ ಬೇಕಿದ್ದರೆ ವಿಲಿಯಂ ಗೋಲ್ಡಿಂಗ್ ಅವರ 1954ರ 'ಲಾರ್ಡ್ ಆಫ್ ದ ಫ್ಲೈಸ್' ತೆಗೆದುಕೊಳ್ಳಿ. ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರ ಕಥೆ. ಅಲ್ಲಿ ಸಭೆ ಕರೆಯುವ ಶಂಖಕ್ಕೆ ಬೆಲೆ ಇರುವುದು ಹುಡುಗರು ಅದನ್ನು ಒಪ್ಪುವವರೆಗೆ ಮಾತ್ರ. ಪಿಗ್ಗಿ ಎಂಬ ಹುಡುಗನ ಕನ್ನಡಕದಿಂದ ಬೆಂಕಿ ಹಚ್ಚುತ್ತಾರೆ. ಆದರೆ ಅವನಿಗೆ ದೂರದ್ದು ಕಾಣಿಸುವುದಿಲ್ಲ. ಅಂಥವರ ಕನ್ನಡಕದ ಗಾಜು ಬಿಸಿಲನ್ನು ಚದುರಿಸುತ್ತದೆ, ಬೆಂಕಿ ಹತ್ತುವುದೇ ಇಲ್ಲ. ಆದರೂ ಕಥೆಯಲ್ಲಿ ಆ ಕನ್ನಡಕ ಕದ್ದಾಗ ನಮ್ಮ ಎದೆ ಝಲ್ ಅನ್ನುತ್ತದೆ. ಅದಿಲ್ಲದೆ ಪಿಗ್ಗಿ ಕುರುಡ ಎಂಬುದು ನಮಗೆ ಗೊತ್ತು.

ಕೊನೆಯದಾಗಿ ಆಸೆಯ ಪ್ರಶ್ನೆ. ಕಥೆ ಮುಗಿದ ಮೇಲೆ ಪಾರ್ಟಿಯ ಹೊಸ ಭಾಷೆಯ ಬಗ್ಗೆ ಒಂದು ಅನುಬಂಧ ಇದೆ. ಅದು ಸಾದಾ ಇಂಗ್ಲಿಷಿನಲ್ಲಿದೆ, ಎಲ್ಲವನ್ನೂ ಆಗಿಹೋದ ಕಾಲದ್ದು ಎಂಬಂತೆ ಹೇಳುತ್ತದೆ. ಅಂದರೆ ಆ ಆಡಳಿತ ಎಂದೋ ಬಿದ್ದುಹೋಗಿದೆ ಎಂದು ಕೆಲವರು ಓದುತ್ತಾರೆ. ಅಮೆರಿಕದ ಒಂದು ಬುಕ್ ಕ್ಲಬ್ ಇದನ್ನು ತೆಗೆಯಿರಿ ಎಂದಾಗ, ದೊಡ್ಡ ಮೊತ್ತ ಕೈತಪ್ಪಬಹುದಾಗಿದ್ದರೂ, ಆರ್ವೆಲ್ ಒಪ್ಪಲಿಲ್ಲ. ಈ ಓದಿಗೆ ಬಲ ಇದೆ, ಆದರೆ ನಾನು ಅದರ ಮೇಲೆ ಜಾಸ್ತಿ ಭಾರ ಹಾಕುವುದಿಲ್ಲ. ಆಸೆ ಇದ್ದರೆ ಅದು ಪ್ರೋಲ್‌ಗಳಲ್ಲಿ, ಅಂದರೆ ಜನಸಂಖ್ಯೆಯ ಶೇ. 85ರಷ್ಟಿರುವ ಬಡಜನರಲ್ಲಿ, ಎಂದು ವಿನ್‌ಸ್ಟನ್ ಡೈರಿಯಲ್ಲಿ ಬರೆಯುತ್ತಾನೆ. ಆಗ ಅದು ಬರೀ ಲೆಕ್ಕಾಚಾರ. ತಾಯಿಯ ನೆನಪು ಬಂದ ಮೇಲೆ, ಅವರು ಇನ್ನೂ ಮನುಷ್ಯರಾಗಿ ಉಳಿದಿದ್ದಾರೆ ಎಂದು ಅವನಿಗೆ ಅನಿಸುತ್ತದೆ. ಥಿಯೇಟರಿನಲ್ಲಿ ಕೂಗಿದ ಹೆಂಗಸಿಗೆ ಪೊಲೀಸರು ಏನೂ ಮಾಡಿರಲಿಕ್ಕಿಲ್ಲ ಎಂದು ಅವನೇ ಡೈರಿಯಲ್ಲಿ ಬರೆದಿದ್ದ. ಪ್ರೋಲ್‌ಗಳು ಏನಂದರೂ ಯಾರೂ ಲಕ್ಷ್ಯ ಮಾಡಲ್ಲ ಅಂತ. ಪಾರ್ಟಿ ಅವರನ್ನು ಕಡೆಗಣಿಸಿದ್ದರಿಂದಲೇ ಆ ತೋಳು ಅವರಲ್ಲಿ ಉಳಿದಿದೆ. ಅದು ಗೆಲ್ಲುತ್ತದೆ ಎಂದು ಕಾದಂಬರಿ ಎಲ್ಲೂ ಹೇಳುವುದಿಲ್ಲ.

ಸೆಮಿನಾರಿಗೆ ಇಡೀ ಪುಸ್ತಕ ಬೇಡ. ಮೊದಲ ಭಾಗದ 1 ಮತ್ತು 8ನೇ ಅಧ್ಯಾಯ, ಎರಡನೇ ಭಾಗದ 2, 4, 7, 8 ಮತ್ತು 10, ಮೂರನೇ ಭಾಗದ 3, 5 ಮತ್ತು 6. ಇವನ್ನು ಪಕ್ಕಪಕ್ಕ ಇಟ್ಟುಕೊಂಡು ತೋಳು, ಮಗು, ಎದೆ ಎಲ್ಲೆಲ್ಲಿ ಬರುತ್ತವೆ ಎಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ನಾನು ಹೇಳದ ಜಾಗಗಳೂ ಸಿಗುತ್ತವೆ. ಟೆಲಿಸ್ಕ್ರೀನಿಗೆ ಒಂದು ಪ್ಯಾರಾ ಸಾಕು.